ಹಿಮಗಾಲದ ಮನೆಯಲ್ಲಿ ಚುಟ್ಟದ ಪೆಟ್ಟಿಗೆ

ಗೃಹಕೃತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಹೊಗೆಸೊಪ್ಪಿನ ಮಾತೇಕೆಂದು ವಾಚಕರಲ್ಲಿ ಹಲವರು, ಅದರಲ್ಲಿಯೂ ಸೋದರಿಯರು, ಹುಬ್ಬು ಗಂಟಿಕ್ಕಬಹುದು. ಅವರ ಅಸಮಾಧಾನವು ನ್ಯಾಯವಾದದ್ದೇ. ಹೊಗೆಸೊಪ್ಪು ಶರೀರಕ್ಕೆ ಹಿತವಲ್ಲ. ಚುಟ್ಟದ ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲಿಯೇ ಆಡಿಸಿ ಬಿಟ್ಟರೂ ಅದು ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಕಾರಣವಾಗುವುದೆಂದು ವೈದ್ಯರು ಸಂದೇಹಕ್ಕೆಡೆಯಿಲ್ಲದಂತೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಅದನ್ನು ಮುಟ್ಟಿದವರಿಲ್ಲ. ಆದರೂ ಈ ತಿಂಗಳು ಅದರ ವಿಷಯವಾಗಿಯೇ ಬರೆಯಬೇಕಾಗಿ ಬಂದಿದೆ. ಏಕೆಂದರೆ ನಾನು ಹೇಳಹೊರಟಿರುವುದು ಸೇದುವ ಮಾತನ್ನಲ್ಲ, ಕಾಪಾಡುವ ಮಾತನ್ನು. ಪರರು ನಂಬಿ ಒಪ್ಪಿಸಿಹೋದ ವಸ್ತುವನ್ನು, ಅದು ನಮಗೆ ಪ್ರಿಯವಾಗಿರಲಿ ಅಪ್ರಿಯವಾಗಿರಲಿ, ಇದ್ದಂತೆಯೇ ಹಿಂದಿರುಗಿಸುವುದು ಗೃಹಸ್ಥಧರ್ಮವಷ್ಟೆ. ಆ ಧರ್ಮದಲ್ಲಿ ನಾನು ಒಮ್ಮೆ ಎಡವಿದೆನು. ಎಡವಿ ಕಲಿತದ್ದನ್ನು ಹೇಳಿದರೆ, ಹಿಮ ಬೀಳುವ ದೇಶಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಿಗೆ ಪ್ರಯೋಜನವಾಗಬಹುದೆಂಬುದು ನನ್ನ ಆಸೆ.

ಕೆಲವು ವರ್ಷಗಳ ಕೆಳಗೆ ಮಗಳ ಬಾಣಂತನಕ್ಕೆಂದು ನಾನು ಷಿಕಾಗೋ ನಗರಕ್ಕೆ ಹೋಗಿದ್ದೆನು. ಅಳಿಯನ ತಂದೆಯವರು, ಎಂದರೆ ನಮ್ಮ ಬೀಗರು, ಅದೇ ಮನೆಯಲ್ಲಿ ವಾಸವಾಗಿದ್ದರು. ಮೊಮ್ಮಗುವಿನ ಮುಖವನ್ನು ಕಣ್ತುಂಬ ನೋಡಿ, ನಾಮಕರಣವನ್ನು ಮುಗಿಸಿಕೊಂಡು, ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಅವರು ಮೈಸೂರಿಗೆ ಹೊರಟರು. ಅಲ್ಲಿ ಜಮೀನಿನ ಕೆಲಸವಿದ್ದುದರಿಂದ ಮೂರು ತಿಂಗಳು ಹಿಂದಿರುಗುವಂತಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ಅವರು ಸಂಕೋಚದಿಂದಲೇ ಒಂದು ಮರದ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟು, "ಅಮ್ಮಾ, ನಿಮಗೆ ಇದರ ವಾಸನೆಯೇ ಆಗದೆಂಬುದನ್ನು ಬಲ್ಲೆ. ಮಕ್ಕಳಿಬ್ಬರಿಗೂ ಕೂಸಿನ ಆರೈಕೆಯಲ್ಲಿ ಪುರಸೊತ್ತಿಲ್ಲ. ಈ ಗಡಿಯಾರದಂಥ ಬಿಲ್ಲೆಯ ಮುಳ್ಳು ಎಪ್ಪತ್ತರ ಹತ್ತಿರವಿರಬೇಕು. ಇಳಿದರೆ ಈ ಸ್ಪಂಜಿಗೆ ಸ್ವಲ್ಪ ನೀರು ಹಾಕಿ. ಅಷ್ಟೇ ನನ್ನ ಕೋರಿಕೆ" ಎಂದರು.

ಆ ಪೆಟ್ಟಿಗೆಯ ಕಥೆಯನ್ನು ಆಮೇಲೆ ಮಗಳು ಹೇಳಿದಳು. ಬೀಗರೊಡನೆ ಇಪ್ಪತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಆ ದೇಶದ ಗೆಳೆಯರೊಬ್ಬರು, ಇವರ ನಿವೃತ್ತಿಯ ದಿನ ಅದನ್ನು ಉಡುಗೊರೆಯಾಗಿ ಕೊಟ್ಟಿದ್ದರಂತೆ. ಅದರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಕೈಯಿಂದ ಸುತ್ತಿದ ೨೫ ಚುಟ್ಟಗಳಿದ್ದುವು. ಇಬ್ಬರೂ ಕೂಡಿ ನಾಲ್ಕನ್ನು ಸೇದಿದರು. ಆ ವರ್ಷ ತಿರುಗುವುದರೊಳಗಾಗಿ ಗೆಳೆಯರು ತೀರಿಕೊಂಡರು. ಅಂದಿನಿಂದ ಬೀಗರು ವರ್ಷಕ್ಕೊಮ್ಮೆ, ಗೆಳೆಯರ ಹುಟ್ಟಿದ ದಿನದ ಸಂಜೆ, ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಒಂದೇ ಒಂದನ್ನು ಹೊತ್ತಿಸುವರಂತೆ. ಹೀಗೆ ಮೂರು ವರ್ಷ ಕಳೆದು ನನ್ನ ವಶಕ್ಕೆ ಬರುವ ವೇಳೆಗೆ ಹದಿನೆಂಟು ಉಳಿದಿದ್ದುವು. ಅಂಗಡಿಯಲ್ಲಿ ಹಣ ಕೊಟ್ಟರೆ ಚುಟ್ಟ ಸಿಕ್ಕುವುದು ನಿಜ. ಆದರೆ ಆ ಹದಿನೆಂಟು ಸಿಕ್ಕುವುದಿಲ್ಲವೆಂಬುದು ನನಗೆ ಆಗಲೇ ಅರ್ಥವಾಯಿತು.

ನಾನು ದಿನವೂ ದೇವರಿಗೆ ದೀಪ ಹಚ್ಚಿದ ಮೇಲೆ ಪೆಟ್ಟಿಗೆಯ ಮುಂಭಾಗದಲ್ಲಿದ್ದ ಬಿಲ್ಲೆಯನ್ನು ನೋಡುತ್ತಿದ್ದೆನು. ಮುಳ್ಳು ಎಪ್ಪತ್ತರಲ್ಲಿಯೇ ಇತ್ತು. ಡಿಸೆಂಬರ್ ಕಳೆಯಿತು, ಎಪ್ಪತ್ತು. ಸಂಕ್ರಾಂತಿ ಬಂದಿತು; ಆಗಲೂ ಎಪ್ಪತ್ತು. ಎಷ್ಟು ಸುಲಭವಾದ ಕೆಲಸವೆಂದು ಸಂತೋಷಪಟ್ಟು, ಒಂದು ತೊಟ್ಟು ನೀರನ್ನೂ ಹಾಕದೆ ಸುಮ್ಮನಿದ್ದೆನು. ಜನವರಿಯ ಕೊನೆಯಲ್ಲಿ ಒಂದು ದಿನ ಧೂಳು ಒರೆಸುವಾಗ ಮುಚ್ಚಳವನ್ನು ತೆರೆದು ಒಂದು ಚುಟ್ಟವನ್ನು ಕೈಗೆ ತೆಗೆದುಕೊಂಡೆನು. ಅದು ಬೇಸಗೆಯ ತರಗೆಲೆಯಂತೆ ಸದ್ದು ಮಾಡಿತು. ಮೇಲಿನ ಎಲೆ ಬೆರಳಿನ ಕೆಳಗೆ ಬಿರಿಯಿತು. ಗಾಬರಿಯಿಂದ ಬಿಲ್ಲೆಯನ್ನು ಕಿತ್ತು ಅಡುಗೆಮನೆಯ ಮೇಜಿನ ಮೇಲಿಟ್ಟೆನು, ಅಲ್ಲಿಯೂ ಎಪ್ಪತ್ತು! ಕಿಟಕಿಯ ಹೊರಗಿನ ಹಿಮದ ಮೇಲಿಟ್ಟೆನು, ಅಲ್ಲಿಯೂ ಎಪ್ಪತ್ತು! ಆ ಮುಳ್ಳು ಎಂದೋ ಕಚ್ಚಿಕೊಂಡು ನಿಂತುಹೋಗಿತ್ತು.

ಇಷ್ಟಕ್ಕೆ ನಿಂತಿದ್ದರೆ ನಷ್ಟವು ಅಲ್ಪವಾಗುತ್ತಿತ್ತೋ ಏನೋ. ಒಣಗಿದ್ದಕ್ಕೆ ನೀರೇ ಮದ್ದೆಂದು ತಿಳಿದು ನಾನು ನಲ್ಲಿಯ ನೀರಿನಲ್ಲಿ ಒಂದು ಬಟ್ಟೆಯನ್ನು ತೊಯಿಸಿ, ಹಿಂಡಿಯೂ ಹಿಂಡದಂತೆ ಮಾಡಿ, ಪೆಟ್ಟಿಗೆಯೊಳಗೆ ಒಂದು ಬದಿಗಿಟ್ಟು ಮುಚ್ಚಿಬಿಟ್ಟೆನು. ಮೂರು ದಿನಕ್ಕೊಮ್ಮೆ ಅದನ್ನು ಮತ್ತೆ ಮತ್ತೆ ತೊಯಿಸಿದೆನು. ಹತ್ತು ದಿನಗಳಾದ ಮೇಲೆ ತೆರೆದು ನೋಡಿದರೆ ಬಟ್ಟೆಯ ಪಕ್ಕದಲ್ಲಿದ್ದ ಚುಟ್ಟಗಳು ಉಬ್ಬಿ ಸೀಳಿದ್ದುವು. ಅವುಗಳ ತುದಿಯಲ್ಲಿ ಹಸುರು ಮಿಶ್ರಿತ ಬೂದುಬಣ್ಣದ ಬೂಷ್ಟು ಬೆಳೆದಿತ್ತು. ದೂರದಲ್ಲಿದ್ದುವು ಇನ್ನೂ ಒಣಗಿಯೇ ಇದ್ದುವು. ಒಂದೇ ಪೆಟ್ಟಿಗೆಯಲ್ಲಿ ಬರಗಾಲವನ್ನೂ ನೆರೆಯನ್ನೂ ನಾನು ಏಕಕಾಲದಲ್ಲಿ ಉಂಟುಮಾಡಿದ್ದೆನು.

ಮಗಳು, "ಅಮ್ಮಾ, ಇಂಥವೇ ಅಂಗಡಿಯಲ್ಲಿ ಸಿಗುತ್ತವೆ. ಏಳೆಂಟು ತಂದು ಇಟ್ಟುಬಿಡೋಣ. ಮಾವನವರಿಗೆ ತಿಳಿಯುವುದಿಲ್ಲ" ಎಂದಳು. ನನ್ನ ಸಂಕಟವನ್ನು ನೋಡಲಾರದೆ ಆಡಿದ ಮಾತು ಅದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೀಗರ ಮನೆಯ ವಸ್ತುವೆಂಬ ಅಳುಕು ಒಂದು ಕಡೆ. ಅವರು ಮುಂದೊಂದು ಸಂಜೆ ಸತ್ತ ಗೆಳೆಯನನ್ನು ನೆನೆಯುತ್ತ ಅಂಗಡಿಯಿಂದ ನಾನು ತಂದಿಟ್ಟದ್ದನ್ನು ಹೊತ್ತಿಸುವರಲ್ಲಾ ಎಂಬ ನಾಚಿಕೆ ಇನ್ನೊಂದು ಕಡೆ. ಬೆಳಗಾದ ಮೇಲೆ ಮೈಸೂರಿಗೆ ದೂರವಾಣಿಯಲ್ಲಿ ಮಾತನಾಡಿ ನಡೆದುದೆಲ್ಲವನ್ನೂ ಇದ್ದಂತೆಯೇ ಹೇಳಿದೆನು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಮ್ಮಾ, ತಪ್ಪು ನನ್ನದೂ ಉಂಟು. ಮುಳ್ಳನ್ನು ನೋಡಿ ನೀರು ಹಾಕುತ್ತಿದ್ದೇನೆಂದು ನಾನು ತಿಳಿದಿದ್ದೆ. ಈಗ ಯೋಚಿಸಿದರೆ, ಶನಿವಾರ ಬಂದಿತೆಂದು ಹಾಕುತ್ತಿದ್ದೆನೇ ಹೊರತು ಮುಳ್ಳು ಇಳಿದುದನ್ನು ಎಂದೂ ಕಂಡಿರಲಿಲ್ಲ. ಆ ಶನಿವಾರದ ಮಾತನ್ನೇ ನಿಮಗೆ ಹೇಳಲಿಲ್ಲ. ಉಳಿದಿರುವುದನ್ನು ಉಳಿಸಲಾದೀತೇ ನೋಡಿ" ಎಂದರು.

ಪೆಟ್ಟಿಗೆಯನ್ನು ಇಷ್ಟು ದಿನ ಕಾಪಾಡಿದ್ದು ಉಪಕರಣವಲ್ಲ, ಅವರ ಕೈಯ ಅಭ್ಯಾಸ. ಪೆಟ್ಟಿಗೆ ನನಗೆ ಬಂದಿತು. ಅಭ್ಯಾಸವು ಅವರೊಡನೆ ಮೈಸೂರಿಗೆ ಹೋಯಿತು. ಅಂದು ಮಧ್ಯಾಹ್ನವೇ ಅಳಿಯನನ್ನು ಕರೆದುಕೊಂಡು ಚುಟ್ಟಗಳನ್ನು ಮಾರುವ ಹಳೆಯ ಅಂಗಡಿಯೊಂದಕ್ಕೆ ಹೋದೆನು. ಅಲ್ಲಿಯ ಮುದುಕರೊಬ್ಬರು ನಗದೆ, ಗದರಿಸದೆ ಹೇಳಿಕೊಟ್ಟುದನ್ನೂ, ಆಮೇಲೆ ನಾನು ಓದಿ ಮಾಡಿ ತಿಳಿದುದನ್ನೂ ಈಗ ಕ್ರಮವಾಗಿ ಹೇಳುವೆನು.

ಮೊದಲು ತಿಳಿಯಬೇಕಾದುದು, ಸುತ್ತಲೂ ಮೊಣಕಾಲುದ್ದ ಹಿಮ ಬಿದ್ದಿರುವಾಗ ಮನೆಯೊಳಗೆ ಇಷ್ಟು ಒಣಗುವುದೇಕೆಂಬುದು. ಗಾಳಿಯು ನೀರಾವಿಯನ್ನು ಹೊರುವ ಶಕ್ತಿಯು ಅದರ ಬಿಸಿಯನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ಸುಮಾರು ೫ ಗ್ರಾಮು ಆವಿಯನ್ನು ಹೊರಬಲ್ಲುದು. ೨೦ ಡಿಗ್ರಿಯಲ್ಲಾದರೋ ಸುಮಾರು ೧೭ ಗ್ರಾಮನ್ನು. ಹೊರಗಿನ ಆ ತಣ್ಣನೆಯ ಗಾಳಿಯು ಸಂದುಗೊಂದುಗಳಿಂದ ಮನೆಯೊಳಗೆ ನುಗ್ಗಿ, ಒಲೆಯಿಂದಲೋ ಬಿಸಿಗಾಳಿಯ ಯಂತ್ರದಿಂದಲೋ ೨೦ ಡಿಗ್ರಿಗೆ ಕಾಯುವುದು. ಅದರಲ್ಲಿರುವ ನೀರು ಮೊದಲಿನ ಆ ೫ ಗ್ರಾಮೇ; ದಾಹ ಮಾತ್ರ ೧೭ ಗ್ರಾಮಿನದು. ಆದುದರಿಂದ ಅದು ಹೊರಬಲ್ಲ ಆವಿಯಲ್ಲಿ ನೂರಕ್ಕೆ ೩೦ಕ್ಕೂ ಕಡಿಮೆ ಪಾಲು ಮಾತ್ರ ಅದರಲ್ಲಿರುವುದು. ಈ ಪಾಲನ್ನೇ ಸಾಪೇಕ್ಷ ಆರ್ದ್ರತೆ ಎನ್ನುವರು. ಹೊರಗೆ ಸೊನ್ನೆಗಿಂತ ೧೦ ಡಿಗ್ರಿ ಕೆಳಗಿದ್ದರೆ ಆ ಪಾಲು ೧೫ನ್ನೂ ಮುಟ್ಟದು. ಸ್ನಾನ, ಅಡುಗೆ, ಉಸಿರಾಟಗಳಿಂದ ಮನೆಯೊಳಗೆ ಅಷ್ಟಿಷ್ಟು ಆವಿ ಸೇರುವುದಾದರೂ ಗಾಳಿಯ ದಾಹವು ಅದರಿಂದ ತೀರುವುದಿಲ್ಲ. ತೀರದ ದಾಹವನ್ನು ಅದು ಸಿಕ್ಕಿದುದರಿಂದ ತೀರಿಸಿಕೊಳ್ಳುವುದು: ನಮ್ಮ ತುಟಿಯಿಂದ, ಬಾಗಿಲ ಚೌಕಟ್ಟಿನಿಂದ, ಗೋಡೆಗೆ ಒರಗಿಸಿದ ವೀಣೆಯಿಂದ, ಚುಟ್ಟದಿಂದ. ಬಾಗಿಲ ಹಿಡಿಯನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆಂದು ವಿದ್ಯುತ್ತು ತಾಗಿದರೆ ಮನೆಯ ಗಾಳಿ ಬಹಳ ಒಣಗಿದೆಯೆಂದು ತಿಳಿಯಬಹುದು.

ಇನ್ನು ಚುಟ್ಟವೆಂದರೇನು? ಇಂಗ್ಲಿಷಿನ 'ಚಿರೂಟ್' ಎಂಬ ಮಾತು ತಮಿಳಿನ 'ಸುರುಟ್ಟು' ಎಂಬುದರಿಂದ ಬಂದುದು. ನಮ್ಮ 'ಸುರುಳಿ'ಯ ನೆಂಟ. ಹೆಸರೇ ಹೇಳುವಂತೆ ಅದು ಎಲೆಗಳ ಸುರುಳಿ. ಒಳಗೆ ಹೂರಣದಂತೆ ಮಡಿಸಿದ ಎಲೆಗಳು. ಅವನ್ನು ಹಿಡಿದಿಡಲು ಒಂದು ಕಟ್ಟೆಲೆ. ಎಲ್ಲಕ್ಕಿಂತ ಮೇಲೆ ರೇಷ್ಮೆಯ ವಸ್ತ್ರದಂತೆ ತೆಳುವಾದ ಹೊದಿಕೆಯೆಲೆ. ಚೆನ್ನಾಗಿ ಕಾಪಾಡಿದ ಚುಟ್ಟವನ್ನು ಮೆಲ್ಲಗೆ ಅಮುಕಿದರೆ ಅದು ತಗ್ಗಿ ಮತ್ತೆ ಮೇಲೇಳಬೇಕು. ಒಣಗಾಳಿ ತಾಗಿದಾಗ ಹೊದಿಕೆಯು ಮೊದಲು ಒಣಗಿ ಕುಗ್ಗುವುದು. ಒಳಗಿನ ಹೂರಣವು ಇನ್ನೂ ಕುಗ್ಗಿರುವುದಿಲ್ಲ. ಆದಕಾರಣ ಹೊದಿಕೆ ಬಿರಿಯುವುದು. ಒಣಗಿದುದನ್ನು ತಟ್ಟನೆ ತೇವಕ್ಕೆ ಒಡ್ಡಿದರೆ ಎಲೆಗಳು ಒಂದೇ ಸಮನಾಗಿ ಹಿಗ್ಗದೆ, ಉಬ್ಬಿದ ಹೂರಣವು ಹೊದಿಕೆಯನ್ನು ಸೀಳುವುದು. ನನ್ನ ಕೈಯಲ್ಲಿ ನಡೆದುದು ಈ ಎರಡೂ. ಇದಲ್ಲದೆ ಎಲೆಯಲ್ಲಿರುವ ಸುಗಂಧದ ಎಣ್ಣೆಗಳು ಬಹುಕಾಲ ಒಣಗಿದ್ದರೆ ಹಾರಿಹೋಗುವುವು. ನೀರನ್ನು ಮರಳಿ ಕೊಡಬಹುದು, ಪರಿಮಳವನ್ನು ಮರಳಿ ಕೊಡಲಾಗದು.

ಹೊಗೆಸೊಪ್ಪಿನ ಈ ಸ್ವಭಾವವು ನಮ್ಮ ರೈತರಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬ್ಯಾರನ್ನುಗಳಲ್ಲಿ ಎಲೆಯನ್ನು ಕಾಯಿಸಿ ಒಣಗಿಸಿದ ಮೇಲೆ ಕೂಡಲೇ ಅದಕ್ಕೆ ಕೈ ಹಚ್ಚುವುದಿಲ್ಲ. ಬಾಗಿಲು ತೆರೆದು ಹೊರಗಿನ ತೇವವನ್ನು ಒಳಗೆ ಬಿಟ್ಟು, ಎಲೆ ಮೆತ್ತಗಾದ ಮೇಲೆಯೇ ಕೆಳಗಿಳಿಸುವರು. ಇಲ್ಲದಿದ್ದರೆ ಅದು ಕೈಯಲ್ಲಿಯೇ ಪುಡಿಯಾಗುವುದು. ನಮ್ಮ ಮನೆಗಳಲ್ಲಿ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದುಂಟು. ನಾನು ಬಟ್ಟೆಯನ್ನು ತೊಯಿಸಿ ಇಟ್ಟದ್ದು ಈ ಬುದ್ಧಿಯಿಂದಲೇ. ಆದರೆ ವೀಳ್ಯದೆಲೆ ಹಸಿಯಾದುದು, ನಾಲ್ಕು ದಿನದ ಅತಿಥಿ. ಚುಟ್ಟವು ಒಣಗಿಸಿ ಹದ ಮಾಡಿದ ಎಲೆ. ಅದು ವರ್ಷಗಟ್ಟಲೆ ಇರಬೇಕಾದುದು. ಅದಕ್ಕೆ ಬೇಕಾದುದು ನೀರಲ್ಲ, ಒಂದೇ ಹದದಲ್ಲಿ ನಿಂತ ಗಾಳಿ.

ಆ ಹದವು ನೂರಕ್ಕೆ ೬೫ರಿಂದ ೭೦ರವರೆಗಿನ ಸಾಪೇಕ್ಷ ಆರ್ದ್ರತೆ. ಬಿಸಿಯು ೧೮ರಿಂದ ೨೧ ಡಿಗ್ರಿ ಸೆಲ್ಸಿಯಸ್. ತೇವವು ೭೫ನ್ನು ದಾಟಿ ಬಹುಕಾಲ ನಿಂತರೆ ಬೂಷ್ಟಿನ ಭಯ. ಬಿಸಿಯು ೨೪ ಡಿಗ್ರಿಯನ್ನು ಮೀರಿದರೆ ಇನ್ನೊಂದು ಭಯ: ಹೊಗೆಸೊಪ್ಪಿಗೆ ಬೀಳುವ ಒಂದು ಸಣ್ಣ ಕಂದು ಬಣ್ಣದ ಹುಳುವಿನ ಮೊಟ್ಟೆಗಳು ಎಲೆಯಲ್ಲಿ ಅಡಗಿದ್ದರೆ ಅವು ಒಡೆದು, ಹುಳುಗಳು ಚುಟ್ಟವನ್ನು ಸೂಜಿಯಿಂದ ಚುಚ್ಚಿದಂತೆ ತೂತುಮಾಡುವುವು. ಅಂಥ ತೂತು ಕಂಡರೆ ಉಳಿದ ಚುಟ್ಟಗಳನ್ನು ಗಾಳಿಯಾಡದ ಚೀಲದಲ್ಲಿ ಭದ್ರಪಡಿಸಿ, ನೀರ್ಗಲ್ಲಾಗಿಸುವ ಪೆಟ್ಟಿಗೆಯಲ್ಲಿ ಮೂರು ದಿನ, ಅನಂತರ ಸಾಧಾರಣ ಶೀತಪೆಟ್ಟಿಗೆಯಲ್ಲಿ ಒಂದು ದಿನವಿಟ್ಟು, ಆಮೇಲೆ ಹೊರಗೆ ತೆಗೆಯುವುದು ವಾಡಿಕೆ. ಹುಳುವಿಗಲ್ಲದೆ ಬರಿಯ ರಕ್ಷಣೆಗೆಂದು ಶೀತಪೆಟ್ಟಿಗೆಯಲ್ಲಿ ಎಂದೂ ಇಡಬಾರದು. ಅದರ ಗಾಳಿಯೂ ಒಣಗಾಳಿಯೇ. ಮೇಲಾಗಿ ಹುಳಿ ಸಾರಿನ ವಾಸನೆಯನ್ನೂ ಚುಟ್ಟವು ಹೀರಿಕೊಳ್ಳುವುದು.

ಹಾಗಾದರೆ ಮನೆಯ ಗಾಳಿಯನ್ನೇ ಎಪ್ಪತ್ತಕ್ಕೆ ಏರಿಸಬಾರದೇಕೆ? ಅಳಿಯನು ಈ ಪ್ರಶ್ನೆಯನ್ನೇ ಕೇಳಿದನು. ಮನುಷ್ಯರ ವಾಸಕ್ಕೆ ೩೦ರಿಂದ ೫೦ರವರೆಗಿನ ಆರ್ದ್ರತೆಯು ಹಿತವೆಂದು ಆ ದೇಶದ ಸರ್ಕಾರದ ಪರಿಸರ ಇಲಾಖೆಯು ತಿಳಿಸುತ್ತದೆ. ಚಳಿಗಾಲದಲ್ಲಿ ಅದನ್ನು ಮೀರಿಸಿದರೆ ತಣ್ಣಗಿರುವ ಕಿಟಕಿಯ ಗಾಜಿನ ಮೇಲೆಯೂ ಹೊರಗೋಡೆಯ ಮೇಲೆಯೂ ಆವಿಯು ನೀರಾಗಿ ಇಳಿದು ಗೋಡೆಗೇ ಬೂಷ್ಟು ಹಿಡಿಯುವುದು. ಎಳೆಗೂಸಿರುವ ಮನೆಯಲ್ಲಿ ಅದು ಕೂಡದು. ಹೀಗೆ ಮನುಷ್ಯನ ಹಿತವೇ ಬೇರೆ, ಚುಟ್ಟದ ಹಿತವೇ ಬೇರೆಯಾದಕಾರಣ, ಅದಕ್ಕೊಂದು ಪುಟ್ಟ ಪ್ರತ್ಯೇಕ ಮನೆಯನ್ನು ಕಟ್ಟಿಕೊಡಬೇಕು. ಪೆಟ್ಟಿಗೆಯ ಅರ್ಥವೇ ಅದು.

ಆ ಪೆಟ್ಟಿಗೆಯನ್ನು ಸಾಧಾರಣವಾಗಿ 'ಸ್ಪ್ಯಾನಿಷ್ ಸೀಡರ್' ಎಂಬ ಮರದಿಂದ ಮಾಡುವರು. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ದೇವದಾರುವಿನ ಜಾತಿಯದೂ ಅಲ್ಲ. ಅದರ ತವರು ಅಮೆರಿಕ ಖಂಡಗಳ ಉಷ್ಣಪ್ರದೇಶ; ಸಸ್ಯಶಾಸ್ತ್ರಜ್ಞರು ಅದನ್ನು ಸೇರಿಸಿರುವುದು ನಮ್ಮ ಬೇವಿನ ಕುಟುಂಬಕ್ಕೆ. ಬೇವಿನ ಸೊಪ್ಪನ್ನು ಬಟ್ಟೆಯ ಪೆಟ್ಟಿಗೆಯಲ್ಲಿಡುವ ನಮಗೆ ಈ ನೆಂಟಸ್ತಿಕೆಯನ್ನು ಕೇಳಿ ಸಂತೋಷವಾಗದಿರದು. ಈ ಮರವು ತೇವವನ್ನು ತಾನೂ ಕುಡಿದು, ಗಾಳಿ ಒಣಗಿದಾಗ ಮೆಲ್ಲಮೆಲ್ಲನೆ ಬಿಟ್ಟುಕೊಡುವುದು. ಆದುದರಿಂದಲೇ ಹೊಸ ಪೆಟ್ಟಿಗೆಯನ್ನು ತಂದ ದಿನವೇ ಚುಟ್ಟ ತುಂಬಿದರೆ ಅದು ಚುಟ್ಟದ ತೇವವನ್ನೇ ಕುಡಿಯುವುದು. ಮೊದಲು ಒಳಗೊಂದು ಬಟ್ಟಲಲ್ಲಿ ಬಟ್ಟಿ ಇಳಿಸಿದ ನೀರನ್ನಿಟ್ಟು ಮುಚ್ಚಿ, ಒಂದೆರಡು ವಾರ ಮರವು ತೃಪ್ತಿಯಾಗುವಂತೆ ಮಾಡಬೇಕು. ಮುಚ್ಚಳವು ಭದ್ರವಾಗಿದೆಯೇ ಎಂಬುದನ್ನು ತಿಳಿಯಲು ಒಂದು ಕಾಗದದ ಚೂರನ್ನು ಅಂಚಿನಲ್ಲಿಟ್ಟು ಮುಚ್ಚಿ ಎಳೆಯಿರಿ. ಸರಾಗವಾಗಿ ಬಂದರೆ ಗಾಳಿಯೂ ಸರಾಗವಾಗಿ ಹೋಗಿಬರುವುದು.

ಪೆಟ್ಟಿಗೆಗೆ ಹಣವಿಲ್ಲದವರು ಚಿಂತಿಸಬೇಕಾದುದಿಲ್ಲ. ಅಡುಗೆಮನೆಯಲ್ಲಿ ಬೇಳೆಕಾಳು ಇಡುವ, ರಬ್ಬರಿನ ಅಂಚಿರುವ, ಗಾಳಿಯಾಡದ ಡಬ್ಬಿಯು ಈ ಕೆಲಸವನ್ನು ಪೆಟ್ಟಿಗೆಗಿಂತ ಒಂದು ಕೈ ಮೇಲಾಗಿಯೇ ಮಾಡುವುದು. ಡಬ್ಬಿಯು ಹೊಸದಾಗಿರಲಿ, ಮೆಣಸಿನ ಪುಡಿ ಇಟ್ಟದ್ದು ಬೇಡ.

ಇನ್ನು ನನ್ನನ್ನು ಕೆಡಿಸಿದ ಬಿಲ್ಲೆಯ ವಿಷಯ. ಗಾಳಿಯ ತೇವವನ್ನು ಅಳೆಯುವ ಉಪಕರಣಗಳಲ್ಲಿ ಪ್ರಸಿದ್ಧವಾದುದೊಂದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ ಎಂಬವರು ೧೭೮೩ರಲ್ಲಿ ವಿವರಿಸಿದರು. ಅದರ ಮುಖ್ಯಾಂಗವು ಮನುಷ್ಯನ ತಲೆಗೂದಲು! ತೇವ ತಾಗಿದರೆ ಕೂದಲು ಉದ್ದವಾಗುವುದು, ಒಣಗಿದರೆ ಕುಗ್ಗುವುದು. ಒಣಗಾಳಿಯಿಂದ ಪೂರ್ಣ ತೇವದವರೆಗೆ ಈ ವ್ಯತ್ಯಾಸವು ನೂರಕ್ಕೆ ಸುಮಾರು ೨ ಪಾಲಿನಷ್ಟು. ಅಷ್ಟನ್ನು ಮುಳ್ಳಿಗೆ ದಾಟಿಸಿ ತೇವವನ್ನು ಓದುವುದು ಉಪಾಯ. ಈಗಿನ ಪೆಟ್ಟಿಗೆಗಳಲ್ಲಿರುವ ಅಗ್ಗದ ಬಿಲ್ಲೆಗಳಲ್ಲಿ ಕೂದಲಿಗೆ ಬದಲಾಗಿ ತೇವಕ್ಕೆ ಸುತ್ತುಬಿಚ್ಚುವ ಸುರುಳಿಯೊಂದಿರುವುದು. ಅದು ಸಡಿಲುವುದೂ ಕಚ್ಚಿಕೊಳ್ಳುವುದೂ ಸಾಮಾನ್ಯ. ಅಂಕಿಯನ್ನೇ ತೋರಿಸುವ ವಿದ್ಯುತ್ಕೋಶದ ಮಾಪಕಗಳು ಹೆಚ್ಚು ನಂಬಿಕೆಗೆ ಅರ್ಹವಾದುವು. ಅವನ್ನೂ ಪರೀಕ್ಷಿಸದೆ ನಂಬಬಾರದು.

ಆ ಪರೀಕ್ಷೆಯು ಅಡುಗೆಯ ಉಪ್ಪಿನಿಂದ ಆಗುವುದೆಂದು ಅಂಗಡಿಯ ಮುದುಕರು ಹೇಳಿದಾಗ ನನಗೆ ನಮ್ಮ ತೀರ್ಥಹಳ್ಳಿಯ ಕಡೆಯ ಮಳೆಗಾಲವೇ ಕಣ್ಣಮುಂದೆ ಬಂದಿತು. ಆಷಾಢದಲ್ಲಿ ಭರಣಿಯ ಉಪ್ಪು ನೀರೊಡೆಯುವುದನ್ನು ಮಲೆನಾಡಿನಲ್ಲಿ ಕಾಣದವರಾರು? ಬೇಸಗೆಯಲ್ಲಿ ಅದೇ ಉಪ್ಪು ಹರಳು ಹರಳಾಗಿ ಒಣಗಿರುವುದು. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ ೭೫ನ್ನು ದಾಟಿದರೆ ಉಪ್ಪು ಗಾಳಿಯಿಂದ ನೀರನ್ನು ಸೆಳೆಯುವುದು. ಅದಕ್ಕಿಂತ ಇಳಿದರೆ ಒದ್ದೆಯುಪ್ಪು ತನ್ನ ನೀರನ್ನು ಗಾಳಿಗೆ ಬಿಡುವುದು. ಆದುದರಿಂದ ಒದ್ದೆಯುಪ್ಪನ್ನು ಗಾಳಿಯಾಡದ ಜಾಗದಲ್ಲಿಟ್ಟರೆ ಅಲ್ಲಿಯ ಆರ್ದ್ರತೆಯು ಏರಲೂ ಆರದೆ ಇಳಿಯಲೂ ಆರದೆ ೭೫ರಲ್ಲಿಯೇ ನಿಲ್ಲುವುದು. ಎಷ್ಟು ವರ್ಷ ನಾನು ಆ ಭರಣಿಯನ್ನು ಬೈದಿದ್ದೆನು! ಅದು ನಮ್ಮ ಅಡುಗೆಮನೆಯ ಆರ್ದ್ರತಾಮಾಪಕವಾಗಿತ್ತೆಂಬುದು ಷಿಕಾಗೋವಿನಲ್ಲಿ ತಿಳಿಯಿತು.

ಪರೀಕ್ಷೆಯ ಕ್ರಮವು ಹೀಗೆ. ಸೀಸೆಯ ಮುಚ್ಚಳವೊಂದರಲ್ಲಿ ಉಪ್ಪನ್ನು ತುಂಬಿ, ಅದು ಕರಗದೆ ಮುದ್ದೆಯಾಗುವಷ್ಟು ಮಾತ್ರ ಕೆಲವು ತೊಟ್ಟು ನೀರನ್ನು ಹಾಕಿರಿ. ಅದನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಚೀಲದಲ್ಲಿಟ್ಟು ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿರಿ. ಮಾಪಕವು ೭೫ನ್ನು ತೋರಿಸಬೇಕು. ನಾವು ಕೊಂಡ ಹೊಸ ಮಾಪಕವು ೭೨ನ್ನು ತೋರಿಸಿತು. ಆದುದರಿಂದ ಅದು ಹೇಳುವುದಕ್ಕೆ ಯಾವಾಗಲೂ ೩ನ್ನು ಕೂಡಿಸಿ ಓದುವೆವು. ಬೀಗರ ಹಳೆಯ ಬಿಲ್ಲೆಯು ಆ ಚೀಲದಲ್ಲಿಯೂ ತನ್ನ ಎಪ್ಪತ್ತನ್ನು ಬಿಡಲಿಲ್ಲ.

ತೇವವನ್ನು ಒದಗಿಸುವ ಬಗೆಗಳು ಹಲವು. ಸ್ಪಂಜಿನದು ಹಳೆಯದು; ಅದಕ್ಕೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಲ್ಲಿಯ ನೀರಿನ ಸುಣ್ಣದಂಶವು ಸ್ಪಂಜಿನ ರಂಧ್ರಗಳನ್ನು ಮುಚ್ಚುವುದಲ್ಲದೆ ಅದರ ಕಲ್ಮಷದಿಂದ ಬೂಷ್ಟಿಗೂ ಸಹಾಯವಾಗುವುದು. ಬರಿಯ ನೀರು ತಾನಾಗಿ ಎಪ್ಪತ್ತರಲ್ಲಿ ನಿಲ್ಲಲಾರದು, ಕೊಡುತ್ತಲೇ ಹೋಗುವುದು. ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬಟ್ಟಿ ನೀರಿನೊಡನೆ ಸಮಪಾಲಾಗಿ ಬೆರೆಸಿದರೆ ಅದು ಸುಮಾರು ೭೦ರಲ್ಲಿ ತಡೆದು ನಿಲ್ಲುವುದು. ಎಲ್ಲಕ್ಕಿಂತ ಸುಲಭವಾದುದು ಈಗ ದೊರೆಯುವ ಲವಣದ ಪೊಟ್ಟಣಗಳು. ಆವಿಯನ್ನು ಮಾತ್ರ ಬಿಡುವ ತೆಳುವಾದ ಪೊರೆಯೊಳಗೆ ಲವಣದ ಗಟ್ಟಿ ದ್ರಾವಣವಿರುವುದು. ನಮ್ಮ ಭರಣಿಯ ಉಪ್ಪಿನ ತತ್ತ್ವವೇ. ಬೇರೆ ಬೇರೆ ಲವಣಗಳಿಗೆ ಬೇರೆ ಬೇರೆ ಅಂಕಿ. ೬೨, ೬೫, ೬೯, ೭೨ ಎಂದು ಮೇಲೆ ಅಚ್ಚಾಗಿರುವುದು. ಕಡಿಮೆಯಾದರೆ ಕೊಡುವುದು, ಹೆಚ್ಚಾದರೆ ಹೀರುವುದು. ಗಾಳಿಯಾಡದ ಡಬ್ಬಿಗೆ ೬೫ರದು ಸಾಕು. ಮರದ ಪೆಟ್ಟಿಗೆಯು ಚಳಿಗಾಲದಲ್ಲಿ ಎಷ್ಟಾದರೂ ಸೋರುವುದರಿಂದ ಅದಕ್ಕೆ ೬೯ ಅಥವಾ ೭೨ರದು ಬೇಕು. ಪೊಟ್ಟಣವು ಒಣಗಿ ಗಟ್ಟಿಯಾದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಿರಿ. ಸೇಬಿನ ಹೋಳು, ಆಲೂಗೆಡ್ಡೆಯ ಚೂರು ಇಡಿರೆಂದು ಯಾರಾದರೂ ಹೇಳಿದರೆ ಕೇಳಬೇಡಿರಿ. ಅದು ಬೂಷ್ಟಿಗೆ ಕೊಡುವ ಆಮಂತ್ರಣ.

ಪೆಟ್ಟಿಗೆಯನ್ನು ಇಡುವ ಸ್ಥಳವೂ ಮುಖ್ಯ. ಬಿಸಿಗಾಳಿ ಬರುವ ಕಿಂಡಿಯ ಬಳಿ, ಬಿಸಿಲು ಬೀಳುವ ಕಿಟಕಿಯ ಬಳಿ, ಕೊರೆಯುವ ಹೊರಗೋಡೆಗೆ ತಾಗಿಸಿ ಇಡಬಾರದು. ನಾನು ದೇವರ ಮನೆಯ ಪಕ್ಕವೆಂದು ಭಕ್ತಿಯಿಂದ ಇಟ್ಟಿದ್ದ ಸ್ಥಳವು ಬಿಸಿಗಾಳಿಯ ಕಿಂಡಿಯ ನೇರ ಮೇಲಿತ್ತು! ಮನೆಯ ನಡುವಣ ಕೋಣೆಯ ಬೀರುವು ಒಳ್ಳೆಯದು. ಅದಕ್ಕೆ ಬೀಗವಿರಲಿ, ಹೊಗೆಸೊಪ್ಪಿನ ಚೂರು ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋದರೆ ವಿಷವೇ. ಪೆಟ್ಟಿಗೆಯನ್ನು ಗಿಡಿದು ತುಂಬದೆ, ಗಾಳಿ ಸುಳಿಯಲು ಮೂರರಲ್ಲೊಂದು ಪಾಲು ಬರಿದಾಗಿ ಬಿಡಬೇಕು. ತಿಂಗಳಿಗೊಮ್ಮೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕು. ಪದೇಪದೇ ತೆರೆಯಬಾರದು, ಒಮ್ಮೆ ತೆರೆದರೆ ಒಳಗಿನ ಹದವಾದ ಗಾಳಿಯೆಲ್ಲ ಹೋಗಿ ಕೋಣೆಯ ಒಣಗಾಳಿ ತುಂಬಿಕೊಳ್ಳುವುದು.

ಒಣಗಿದುದನ್ನು ಬದುಕಿಸುವ ಬಗೆಯನ್ನು ಹೇಳಿ ಮುಗಿಸುವೆನು. ಬೂಷ್ಟು ಹಿಡಿದು ಸೀಳಿದ್ದ ಏಳು ಚುಟ್ಟಗಳನ್ನು ಎಸೆದೆವು. ಬಿಳಿಯ ಹುಡಿಯನ್ನು ಕಂಡು ಅದು ಎಲೆಯ ಎಣ್ಣೆಯ ಹರಳು, ಒಳ್ಳೆಯ ಲಕ್ಷಣವೆಂದು ಹೇಳುವವರುಂಟು. ಬೂಷ್ಟೆಂದೇ ಭಾವಿಸಿ ಬೇರೆಮಾಡುವುದು ಕ್ಷೇಮ. ಪೆಟ್ಟಿಗೆಯನ್ನು ಒರೆಸಿ ಆರಲು ಬಿಟ್ಟು, ಉಳಿದ ಹನ್ನೊಂದನ್ನು ಗಾಳಿಯಾಡದ ಹೊಸ ಡಬ್ಬಿಯಲ್ಲಿ ೬೨ರ ಪೊಟ್ಟಣದೊಡನೆ ಇಟ್ಟೆನು. ಎರಡು ವಾರ ಕಳೆದ ಮೇಲೆ ೬೫ರದು. ಮತ್ತೆ ಎರಡು ವಾರದ ಮೇಲೆ ೬೯ರದು. ಲಂಘನ ಮಾಡಿ ಎದ್ದ ರೋಗಿಗೆ ಮೊದಲು ಗಂಜಿ, ಆಮೇಲೆ ಮೆತ್ತನೆಯ ಅನ್ನ ಕೊಡುವಂತೆ. ಈ ನಡುವೆ ಅವಸರಪಟ್ಟು ಕೈ ಹಾಕಲಿಲ್ಲ. ಮಾರ್ಚ್ ತಿಂಗಳ ನಡುವೆ ಅಮುಕಿ ನೋಡಿದಾಗ ಅವು ತಗ್ಗಿ ಮೇಲೆದ್ದುವು. ಎರಡರ ಹೊದಿಕೆಯಲ್ಲಿ ಹಳೆಯ ಬಿರುಕು ಉಳಿದೇ ಇತ್ತು, ಬಿರುಕು ಕೂಡಿಕೊಳ್ಳುವುದಿಲ್ಲ.

ಬೀಗರು ಹಿಂದಿರುಗಿದ ದಿನ ಡಬ್ಬಿಯನ್ನೂ, ಮಾಪಕವನ್ನೂ, ಯಾವ ದಿನ ಯಾವ ಪೊಟ್ಟಣವಿಟ್ಟೆನೆಂದು ಬರೆದಿಟ್ಟಿದ್ದ ಚೀಟಿಯನ್ನೂ ಅವರ ಮುಂದಿಟ್ಟೆನು. ಅವರು ಚುಟ್ಟಗಳನ್ನು ಎಣಿಸಲಿಲ್ಲ. ಚೀಟಿಯನ್ನು ಮಾತ್ರ ಎರಡು ಸಲ ಓದಿ ಡಬ್ಬಿಯೊಳಗೆ ಇಟ್ಟುಕೊಂಡರು. ಬಿರುಕು ಬಿಟ್ಟ ಎರಡನ್ನು ಕೈಗೆ ತೆಗೆದುಕೊಂಡು, "ಮುಂದಿನ ಎರಡು ವರ್ಷಕ್ಕೆ ಇವೇ ಆದುವು" ಎಂದರು. ಹಾಗೆಯೇ ಮಾಡಿದರೆಂದು ಮಗಳು ಬರೆದಿದ್ದಳು.

ಹಿಮದ ನಾಡಿನಲ್ಲಿರುವ ಸೋದರ ಸೋದರಿಯರಿಗೆ ನನ್ನ ಅರಿಕೆಯಿಷ್ಟೆ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ವಸ್ತುವನ್ನು ಒಪ್ಪಿಸಿ ಹೋಗುವುದಾದರೆ, ಅದನ್ನು ಯಾವ ದಿನ, ಯಾವ ಗಳಿಗೆಯಲ್ಲಿ, ಏನು ಮಾಡಿ ಕಾಪಾಡುತ್ತಿದ್ದರೆಂದು ಬಾಯಿಬಿಟ್ಟು ಕೇಳಿರಿ. ಒಪ್ಪಿಸುವವರು ನೀವಾದರೆ ಬಾಯಿಬಿಟ್ಟು ಹೇಳಿರಿ. ನವೆಂಬರಿನಲ್ಲಿ ಮನೆಗೆ ಬಿಸಿ ಹಚ್ಚುವ ಮೊದಲೇ ಮಾಪಕವನ್ನು ಉಪ್ಪಿನಿಂದ ಪರೀಕ್ಷಿಸಿರಿ. ಚುಟ್ಟ ಸೇದುವವರಿಗೆ, ಅದನ್ನು ಬಿಟ್ಟರೆ ಒಳಿತೆಂದು ಹೇಳುವುದು ನನ್ನ ಕರ್ತವ್ಯ. ಬಿಡಲಾರದವರು ಎಳೆಮಕ್ಕಳಿರುವ ಮನೆಯೊಳಗೆ ಹೊತ್ತಿಸದಿರಲಿ.

ವೀಣೆ ತಂಬೂರಿಗಳನ್ನು ಅದೇ ಒಣಗಾಳಿಯಿಂದ ಕಾಪಾಡುವ ಬಗೆಯನ್ನು ಕೆಲವರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು.